ಕಿವಿಗಲ್ಲು ಗುಡ್ಡ

ಸಿರಗುಂಪಿ ಊರಿನ ಪಡುವಣಕ್ಕೆ, ಜಾಲಿಗಿಡಗಳ ನಡುವೆ ಎದ್ದು ನಿಂತಿರುವ ಕಪ್ಪು ಬೆಟ್ಟಕ್ಕೆ ಕಿವಿಗಲ್ಲು ಗುಡ್ಡ ಎಂದು ಹೆಸರು. ಅದನ್ನು ನೋಡಲು ಬರುವವರಿಗೆ ಈಗ ದಾರಿ ತೋರಿಸುವವರು ಬೇಕಾಗಿಲ್ಲ. ಬಂಡೆಗಳ ಮೇಲೆ ಹಳದಿ ಬಣ್ಣದಲ್ಲಿ ಬಾಣದ ಗುರುತು ಹಾಕಿದ್ದಾರೆ. ಅದನ್ನೇ ಹಿಡಿದು ಹತ್ತಿದರೆ ಮೊದಲು ಅದಿರು ಕುಟ್ಟುತ್ತಿದ್ದ ಒರಳುಗುಳಿಗಳು, ಆಮೇಲೆ ಬಿದ್ದ ಕಲ್ಲುಗೋಡೆಗಳು, ಕೊನೆಗೆ ಬೆಟ್ಟದ ಹೊಟ್ಟೆಯೊಳಕ್ಕೆ ಹೋಗುವ ಹಳೆಯ ಗಣಿಯ ಬಾಯಿ ಸಿಗುತ್ತದೆ. ಅಲ್ಲಿಯವರೆಗೆ ಹರಟುತ್ತ ಬಂದವರ ಮಾತು, ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ತಾಗಿದೊಡನೆ ತಾನಾಗಿ ತಗ್ಗುತ್ತದೆ. ಈ ಹೆಸರು ಬಂದ ಬಗೆಯನ್ನು ನನ್ನ ಸೋದರತ್ತೆ ಹೇಳಿದಂತೆ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಇಲ್ಲಿ ಚಿನ್ನದ ಅದಿರು ತೆಗೆಯುತ್ತಿದ್ದರಂತೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ, ಬಿರುಕು ಬಿಟ್ಟ ಕಲ್ಲನ್ನು ಉಳಿಯಿಂದ ಎಬ್ಬಿಸುವುದು ಆಗಿನ ಪದ್ಧತಿ. ಹಾಗೆ ಕಾದು ತಣಿದ ಬೆಟ್ಟ ಯಾವ ಗಳಿಗೆಯಲ್ಲಿ ಕುಸಿಯುವುದೋ ಬಲ್ಲವಳು ದುರುಗವ್ವ ಒಬ್ಬಳೇ. ಅವಳ ಗಂಡನನ್ನು ಈ ಗಣಿಯೇ ನುಂಗಿತ್ತು. ಅಂದಿನಿಂದ ಅವಳು ಗಣಿಯ ಬಾಯಿಯ ಪಕ್ಕದ ಬಂಡೆಗೆ ದಿನವೂ ಕಿವಿಯಿಟ್ಟು ಕೇಳುತ್ತಿದ್ದಳು. ಒಳಗೆ ಕಲ್ಲು ಸುಮ್ಮನಿದ್ದರೆ ಗುಂಡುಕಲ್ಲಿನಿಂದ ಬಂಡೆಗೆ ಒಂದೇ ಪೆಟ್ಟು ಹಾಕುವಳು. ಬರಬಹುದು ಎಂದು ಅರ್ಥ. ಕಲ್ಲು ಚಿಟಿಚಿಟಿ ಎಂದರೆ ಬಿಡದೆ ಬಡಿಯುವಳು. ಆ ಬಡಿತ ಬೆಟ್ಟದೊಳಗೆಲ್ಲ ಕೇಳುತ್ತಿತ್ತು. ಕೇಳಿದವರು ಕೈಯಲ್ಲಿದ್ದುದನ್ನು ಬಿಸಾಡಿ ಓಡಿಬರುತ್ತಿದ್ದರು.

ಒಂದು ಮಧ್ಯಾಹ್ನ ಏಳು ಮಂದಿ ಒಳಗಿದ್ದರು. ಎಲ್ಲರಿಗಿಂತ ಆಚೆ, ಕೊನೆಯ ಸಂದಿಯಲ್ಲಿ, ದುರುಗವ್ವನ ಒಬ್ಬನೇ ಮಗ ಗದ್ದೆಪ್ಪ. ಕಿವಿಯಿಟ್ಟವಳ ಮುಖ ಬಿಳಿಚಿಕೊಂಡಿತು. ಗುಂಡುಕಲ್ಲು ಎತ್ತಿದಳು. ಆದರೆ ಪಾಳೆಯಗಾರನ ಪಾರುಪತ್ಯಗಾರ ಅಲ್ಲೇ ನಿಂತಿದ್ದ. ಆ ತಿಂಗಳಲ್ಲಿ ಎರಡು ಸಲ ಅವಳ ಬಡಿತಕ್ಕೆ ಕೆಲಸ ನಿಂತಿತ್ತು. ಬೆಟ್ಟ ಮಾತ್ರ ಕುಸಿದಿರಲಿಲ್ಲ. ಅವನು ಕಲ್ಲನ್ನು ಕಸಿದು ಕಣಿವೆಗೆ ಎಸೆದ.

"ನಿನ್ನ ಕಿವಿ ಮಾತು ಕೇಳಿ ಕೇಳಿ ಸಾಕಾಗೇತಿ, ಮುದುಕಿ."

"ನನ್ನ ಬೈರಿ ಧಣೀ, ಹೊಡೀರಿ. ಒಳಗಿನವರನ್ನ ಕರಸ್ರಿ. ಕಲ್ಲು ಹಲ್ಲು ಕಡ್ಯಾಕ ಹತ್ತೇತಿ."

ಅವನು ಬಂಡೆಗೆ ಅಡ್ಡ ನಿಂತು ಕದಲಲಿಲ್ಲ. ದುರುಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಒಳಗೆ ನುಗ್ಗಿದಳು. ಕೂಗಿದರೆ ಆ ದನಿಗೇ ಕಲ್ಲು ಉದುರೀತೆಂದು ಕತ್ತಲಲ್ಲಿ ತಡವುತ್ತ ಹೋಗಿ, ಒಬ್ಬೊಬ್ಬರ ಭುಜ ಹಿಡಿದು ಹೊರಗೆ ತಿರುಗಿಸಿದಳು. ಆರು ಮಂದಿ ಬೆಳಕಿಗೆ ಬಂದರು. ಗದ್ದೆಪ್ಪನಿದ್ದ ಸಂದಿ ಒಬ್ಬರು ತೆವಳುವಷ್ಟು ಮಾತ್ರ ಅಗಲ, ಅದರ ಕೊನೆಯಲ್ಲಷ್ಟೇ ಇಬ್ಬರು ಕೂರುವಷ್ಟು ಜಾಗ. ಅವಳು ಅಲ್ಲಿಯವರೆಗೆ ತೆವಳಿ ಹೋಗಿ, ಅವನನ್ನು ಮುಂದೆ ಬಿಟ್ಟು ಬೆನ್ನು ದೂಡುತ್ತ ಬಂದಳು. ಅವನ ಕಾಲು ಸಂದಿಯಿಂದ ಹೊರಗೆ ದಾಟಿತು, ಬೆಟ್ಟ ಕುಸಿಯಿತು. ಬೆನ್ನ ಮೇಲಿದ್ದ ತಾಯಿಯ ಕೈ ಮತ್ತೆ ಸಿಗಲಿಲ್ಲ.

ಧೂಳು ಅಡಗಿದ ಮೇಲೆ ಗದ್ದೆಪ್ಪ ತಾಯಿ ಕೇಳುತ್ತಿದ್ದ ಬಂಡೆಗೆ ಕಿವಿಯಿಟ್ಟ. ಒಳಗಿನಿಂದ ಟಕ್ ಎಂದು ಒಂದೇ ಪೆಟ್ಟು. ಸ್ವಲ್ಪ ಹೊತ್ತಿಗೆ ಮತ್ತೊಂದು. "ಅವ್ವ ಬದುಕ್ಯಾಳ! ಬರ್ರಿ ಅನ್ನಾಕತ್ತ್ಯಾಳ!" ಎಂದು ಕಿರುಚಿದ. ಏಳೂ ಜನ ಅಗೆಯತೊಡಗಿದರು. ಎರಡು ದಿನ ಅಗೆದರು. ಉಗುರು ಕಿತ್ತು ಬಂದರೂ ನಿಲ್ಲಿಸಲಿಲ್ಲ. ಪೆಟ್ಟು ಹತ್ತಿರವಾಗುತ್ತಲೇ ಇತ್ತು. ಮೂರನೆಯ ದಿನ, ಇನ್ನು ಒಂದು ಮೊಳ ಅಗೆದರೆ ಸಾಕು ಎನ್ನುವಾಗ, ಬಡಿತ ಬದಲಾಯಿತು. ಟಕಟಕಟಕ, ಬಿಡದೆ, ಉಸಿರು ತೆಗೆದುಕೊಳ್ಳದೆ.

ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

"ನಾ ಬರಂಗಿಲ್ಲ, ನೀವು ಹೋಗ್ರಿ" ಎಂದ ಗದ್ದೆಪ್ಪ. ಆರು ಮಂದಿ ಅವನ ಕೈಕಾಲು ಹಿಡಿದು ಎಳೆದುಕೊಂಡು ಓಡಿದರು. ಬಿಸಿಲಿಗೆ ಬಂದು ಬಿದ್ದಾಗ ಬಡಿತ ಇನ್ನೂ ಕೇಳುತ್ತಿತ್ತು. ಆಮೇಲೆ ಬೆಟ್ಟ ಒಮ್ಮೆ ನಡುಗಿತು. ಬಡಿತ ನಿಂತಿತು.

ಪಾಳೆಯಗಾರ ಎಷ್ಟು ಹೆದರಿಸಿದರೂ ಒಬ್ಬನೂ ಮತ್ತೆ ಉಳಿ ಹಿಡಿಯಲಿಲ್ಲವಂತೆ. ಗದ್ದೆಪ್ಪ ಬದುಕಿರುವಷ್ಟು ದಿನ ಆ ಬಂಡೆಯ ಬಳಿಯೇ ಕುಳಿತು ಕೇಳುತ್ತಿದ್ದ. ಬಂಡೆಗೆ ಕಿವಿಗಲ್ಲು ಎಂಬ ಹೆಸರು ಹಾಗೆ ಬಂತು, ಅದರಿಂದ ಗುಡ್ಡಕ್ಕೂ ಅದೇ ಹೆಸರಾಯಿತು ಎನ್ನುತ್ತಾರೆ.

ಇಂದು ಗಣಿಯ ಬಾಯಿಂದ ಇಪ್ಪತ್ತು ಹೆಜ್ಜೆ ಒಳಗೆ ಹೋದರೆ ಕುಸಿದ ಕಲ್ಲಿನ ರಾಶಿ ದಾರಿ ಕಟ್ಟುತ್ತದೆ. ಟಾರ್ಚ್ ಬೆಳಕು ಬಿಟ್ಟರೆ ಅದಕ್ಕೆ ಈಚೆಯ ಗೋಡೆಯಲ್ಲಿ ಉಳಿಯ ಗೀರುಗಳು ಕಾಣುತ್ತವೆ. ಒಂದರ ಮೇಲೊಂದು, ಅಂದು ಅಗೆದವರು ಅವಸರದಲ್ಲಿ ಹೊಡೆದವು. ಕೆಲವರು ಅಲ್ಲಿ ಕಿವಿಯಿಡುತ್ತಾರೆ. ಏನು ಕೇಳಿಸಿತೆಂದು ಕೆಳಗೆ ಬಂದು ಹೇಳಿದವರನ್ನು ನಾನು ಕಂಡಿಲ್ಲ.