ಬೆಳ್ಳಕ್ಕಿಯ ಕೆಲಸ

ನದಿಯ ದಡದ ಆಶ್ರಮಕ್ಕೆ ಸೇರಿದ ದಿನವೇ ಮಂದಾಕಿನಿ ಗುರುಗಳಾದ ಯೋಗಮ್ಮನವರ ಮುಂದೆ ಒಂದು ವ್ರತ ಹಿಡಿದಿದ್ದಳು. ತನ್ನ ಕಣ್ಣೆದುರು ಒಂದು ಜೀವವನ್ನೂ ಸಾಯಗೊಡುವುದಿಲ್ಲ. ವ್ರತ ಮುರಿದರೆ ಆಶ್ರಮ ಬಿಟ್ಟು ಹೋಗುತ್ತೇನೆಂದೂ ಅವಳೇ ಸೇರಿಸಿದ್ದಳು.

ಹಾಗೆ ಹೇಳೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಮೊದಲ ಮಳೆಗೆ ದಡದ ಬಂಡೆಯ ಕುಳಿಯೊಂದು ತುಂಬಿತು. ಕಪ್ಪೆಗಳು ಅದರಲ್ಲಿ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳಿಂದ ನೀರೇ ಕಪ್ಪಾಯಿತು. ಎಲ್ಲಿತ್ತೋ, ಒಂದು ಬೆಳ್ಳಕ್ಕಿ ಬಂದು ಕುಳಿಯ ಅಂಚಿನಲ್ಲಿ ನಿಂತಿತು.

ಮಂದಾಕಿನಿ ಕೂಗಾಡಿ ಅದನ್ನು ಓಡಿಸಿದಳು. ನೀರುಹಾವು ಬಂದಾಗ ಕೋಲು ಬಡಿದಳು. ಕೊನೆಗೆ ತನ್ನ ಹೊದಿಕೆಯನ್ನೇ ಕುಳಿಯ ಮೇಲೆ ಹರಡಿ, ಸುತ್ತಲೂ ಕಲ್ಲು ಹೇರಿದಳು.

"ಬೆಳ್ಳಕ್ಕಿ ಏನು ತಿನ್ನಬೇಕು, ಮಗಳೇ?" ಯೋಗಮ್ಮ ಕೇಳಿದರು.

"ನದಿ ಇಷ್ಟು ದೊಡ್ಡದಿದೆ. ಬೇರೆ ಕಡೆ ನೋಡಿಕೊಳ್ಳಲಿ."

"ಅಲ್ಲಿಯೂ ಒಬ್ಬಳು ಮಂದಾಕಿನಿ ಕೂತಿದ್ದರೆ?"

"ಕೂತಿರಲಿ. ಒಳ್ಳೆಯದೇ ಆಯಿತು!"

ಯೋಗಮ್ಮ ನಕ್ಕು ತಮ್ಮ ಹೊದಿಕೆಯನ್ನೂ ತೆಗೆದು ಕೊಟ್ಟರು. "ಆ ಮೂಲೆಯಲ್ಲಿ ಸಂದಿಯಿದೆ. ಅದನ್ನೂ ಮುಚ್ಚು."

ಒಂದೂ ಸಾಯಲಿಲ್ಲ.

ಕುಳಿಯ ಪಾಚಿ ಮುಗಿಯಿತು. ಅವಳು ತನ್ನ ಊಟದ ಅನ್ನ ತಂದು ಹಾಕಿದಳು. ಅನ್ನ ಕೊಳೆತು ನೀರು ನಾರಿತು. ಕಾಲು ಮೂಡುವ ಹೊತ್ತು ದಾಟಿದರೂ ಒಂದಕ್ಕೂ ಕಾಲು ಮೂಡಲಿಲ್ಲ. ಒಂದು ಬೆಳಿಗ್ಗೆ ಹೊದಿಕೆ ಸರಿಸಿದರೆ, ಗೊದಮೊಟ್ಟೆಗಳು ಒಂದರ ಬಾಲವನ್ನು ಇನ್ನೊಂದು ಕಚ್ಚಿ ತಿನ್ನುತ್ತಿದ್ದವು.

ಮಂದಾಕಿನಿ ಗುರುಗಳ ಬಳಿಗೆ ಓಡಿದಳು.

"ಅಮ್ಮಾ, ಅರ್ಧ ನದಿಗೆ ಬಿಡೋಣವೇ?"

"ಅಲ್ಲಿ ಮೀನುಗಳಿವೆ."

"ಆಚೆಯ ಕುಳಿಗೆ?"

"ಅಲ್ಲಿ ಬೆಳ್ಳಕ್ಕಿಯಿದೆ. ನೀನೇ ಕಳಿಸಿದ್ದಲ್ಲವೇ?"

ಯೋಗಮ್ಮ ಅಡುಗೆಮನೆಯಿಂದ ತೂತಿನ ಸೌಟು ತಂದು ಅವಳ ಕೈಗಿಟ್ಟು, ಕುಳಿಯ ತನಕ ಜೊತೆಗೇ ನಡೆದರು.

"ಅರ್ಧಕ್ಕಿಂತ ಹೆಚ್ಚು ತೆಗೆದು ಬಂಡೆಯ ಮೇಲೆ ಹಾಕು. ಉಳಿದವು ಬದುಕುತ್ತವೆ."

"ನಾನೇ?"

"ಬೆಳ್ಳಕ್ಕಿಯನ್ನು ಕೆಲಸದಿಂದ ತೆಗೆದವಳು ನೀನು. ಅದರ ಕೆಲಸ ಇನ್ನು ಯಾರು ಮಾಡಬೇಕು?"

"ಯಾವುದನ್ನು ತೆಗೆಯಲಿ? ಯಾವುದನ್ನು ಬಿಡಲಿ?"

"ಬೆಳ್ಳಕ್ಕಿ ಇದನ್ನೆಲ್ಲ ನನ್ನ ಹತ್ತಿರ ಕೇಳುತ್ತಿರಲಿಲ್ಲ."

ಮಂದಾಕಿನಿ ಸೌಟನ್ನು ನೀರಿಗಿಳಿಸಿ ಎತ್ತಿದಳು. ಸೌಟಿನ ತುಂಬ ಬಾಲಗಳು ಮಿಸುಕಾಡಿದವು. ನೀರು ಸೋರುತ್ತಿದ್ದಂತೆಯೇ ಅವಳು ಎಲ್ಲವನ್ನೂ ಮತ್ತೆ ಕುಳಿಗೆ ಸುರಿದು, ಸೌಟನ್ನು ದೂರ ಎಸೆದಳು.

"ಆಗುವುದಿಲ್ಲ! ನಾನು ಮಾಡುವುದಿಲ್ಲ!"

"ಹಾಗಾದರೆ ಹಸಿವು ಮಾಡುತ್ತದೆ. ಅದು ಅರ್ಧಕ್ಕೆ ನಿಲ್ಲಿಸುವುದಿಲ್ಲ."

ಮಂದಾಕಿನಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಎರಡೂ ಹೊದಿಕೆಗಳನ್ನು ಎಳೆದು ಹಾಕಿದಳು.

ಬೆಳ್ಳಕ್ಕಿ ಬಂತು. ಕುಕ್ಕಿತು. ನುಂಗಿತು.

"ಒಳಗೆ ಹೋಗು," ಎಂದರು ಯೋಗಮ್ಮ. "ನೀನು ನೋಡಬೇಕಾಗಿಲ್ಲ."

"ನೋಡುತ್ತೇನೆ."

ಅದು ಹೊಟ್ಟೆ ತುಂಬಿ ಹಾರಿಹೋಗುವ ತನಕ ಅವಳು ರೆಪ್ಪೆ ಮುಚ್ಚಲಿಲ್ಲ. ಆಮೇಲೆ ಗುರುಗಳ ಕಡೆಗೆ ತಿರುಗಿದಳು. ಕಣ್ಣು ಕೆಂಪಾಗಿತ್ತು, ದನಿ ನಡುಗಲಿಲ್ಲ.

"ವ್ರತ ಮುರಿಯಿತು. ಮಾತಿನಂತೆ ಹೊರಡುತ್ತೇನೆ. ಆದರೆ ಇದು ಸರಿ ಅಂತ ಮಾತ್ರ ನಾನು ಹೇಳುವುದಿಲ್ಲ ಅಮ್ಮಾ. ನೀವು ಹೇಳಿಸಿದರೂ ಇಲ್ಲ. ದೇವರೇ ಬಂದು ಹೇಳಿಸಿದರೂ ಇಲ್ಲ."

ಯೋಗಮ್ಮ ಒದ್ದೆ ಹೊದಿಕೆಯನ್ನು ಹಿಂಡಿ ಕೊಡವಿ, ಅವಳ ಹೆಗಲಿಗೆ ಹಾಕಿದರು.

"ಸರಿ ಎಂದಿದ್ದರೆ, ನಾನೇ ನಿನ್ನನ್ನು ಕಳಿಸಿಬಿಡುತ್ತಿದ್ದೆ."