ಅಲುಗಾಡದ ಕೊಕ್ಕರೆ

ಕೆರೆಯ ಕಾವಲಿಗೆ ಆಮೆಯೂ ಕೊಕ್ಕರೆಯೂ ಚುನಾವಣೆಗೆ ನಿಂತಾಗ, ತಿಪ್ಪವ್ವನೆಂಬ ಮುದಿ ಕಪ್ಪೆಗೆ ಯೋಚಿಸುವ ಕೆಲಸವೇ ಇರಲಿಲ್ಲ. ಅವಳ ಅಕ್ಕನನ್ನು ನುಂಗಿದ್ದು ಇದೇ ಕೊಕ್ಕರೆ. "ನನ್ನ ಓಟು ಆಮೆಗೆ" ಎಂದು ಕೆರೆಗೆಲ್ಲ ಸಾರಿಕೊಂಡೇ ಅವಳು ಟಿವಿಯಲ್ಲಿ ಇಬ್ಬರ ಚರ್ಚೆ ನೋಡಲು ಕೂತಳು.

ಚರ್ಚೆ ನಡೆಸಿಕೊಡುತ್ತಿದ್ದ ಜೀರುಂಡೆ ಆಮೆಯ ಕಡೆ ತಿರುಗಿ, "ಸೋರುವ ತೂಬನ್ನು ಮುಚ್ಚುತ್ತೀರೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿ!" ಎಂದು ಕಿರುಚಿತು.

"ಮೊದಲು ಕಲ್ಲು ಸರಿಸಿ ನೋಡಬೇಕು, ಆಮೇಲೆ..."

"ಹೌದೋ ಇಲ್ಲವೋ?"

ಆ ಕಿರುಚಾಟಕ್ಕೆ ಬೆಚ್ಚಿದ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ನೋಡುತ್ತಿದ್ದ ಕಪ್ಪೆಗಳೆಲ್ಲ ಗೊಳ್ಳೆಂದು ನಕ್ಕವು.

"ನಿಮ್ಮ ದಡದಲ್ಲಿ ಕಪ್ಪೆಗಳು ಕಾಣೆಯಾಗುತ್ತಿವೆಯಲ್ಲ?" ಎಂದು ಜೀರುಂಡೆ ಅದೇ ದನಿಯಲ್ಲಿ ಕೊಕ್ಕರೆಯನ್ನು ಕೇಳಿತು. ಒಂಟಿಕಾಲಿನಲ್ಲಿ ನಿಂತಿದ್ದ ಕೊಕ್ಕರೆ ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಎಷ್ಟು ಬೇಕಾದರೂ ಕೂಗಿ. ನಾನು ಅಲುಗಾಡುವವನಲ್ಲ."

"ಎಂಥ ಗಟ್ಟಿಗ!" ಎಂದಳು ಪಕ್ಕದಲ್ಲಿದ್ದ ಕಪ್ಪೆ. ಅವಳನ್ನು ಬೈಯಲು ತಿಪ್ಪವ್ವ ಬಾಯಿ ತೆರೆದಳು. ಆದರೆ ಅವಳ ಕಣ್ಣ ಮುಂದೆ ಅಕ್ಕ ಬರಲಿಲ್ಲ, ಚಿಪ್ಪಿನೊಳಗೆ ಹೋದ ತಲೆಯೇ ಬಂತು. "ಆಮೆಗೆ ಧೈರ್ಯ ಸಾಲದು ಬಿಡು," ಎಂದುಬಿಟ್ಟಳು. ಮರುದಿನ ಅವಳ ಓಟೂ ಕೊಕ್ಕರೆಗೇ ಬಿತ್ತು.

ಗೆದ್ದ ಕೊಕ್ಕರೆ ಕಾವಲಿಗೆಂದು ಬಂದ ಮೊದಲ ಬೆಳಿಗ್ಗೆ ತಿಪ್ಪವ್ವನ ಎದುರಿಗೇ ನೀರಿಗಿಳಿಯಿತು. "ಸ್ವಾಮಿ, ಆ ತೂಬು..." ಎಂದಳು ಅವಳು. ಕೊಕ್ಕರೆ ಟಿವಿಯಲ್ಲಿ ಕಂಡ ಹಾಗೆಯೇ ಒಂಟಿಕಾಲಿನಲ್ಲಿ ಅಲುಗಾಡದೆ ನಿಂತಿತು. ಅಕ್ಕ ಕೊನೆಯದಾಗಿ ಕಂಡದ್ದೂ ಈ ನಿಲುವನ್ನೇ ಎಂಬುದು ತಿಪ್ಪವ್ವನಿಗೆ ಆಗ ನೆನಪಾಯಿತು.