ಸಾಣೆಯವನು ಒರೆಸಿದ ನೀಲಿ

"ಬುದ್ಧಿ, ಮಾಡಿದ ತಪ್ಪನ್ನು ಸದ್ದಿಲ್ಲದೆ ಸರಿಮಾಡಿದರೆ ಸಾಲದೆ? ಬಾಯಿಬಿಟ್ಟು ಹೇಳಲೇಬೇಕೆ?" ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಆರು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ, ಚಾಪೆಯ ಅಂಚು ನೋಡುತ್ತಿದ್ದ. ಗುರುಗಳು ಅದನ್ನು ಗಮನಿಸಿದರು. ಯಾವ ತಪ್ಪು, ಯಾವಾಗ ಮಾಡಿದ್ದು ಎಂದು ವಿಚಾರಿಸಲಿಲ್ಲ. ವಿಚಾರಿಸಿದರೆ ಶಿಷ್ಯ ಅರ್ಧ ಹೇಳಿ ಇನ್ನರ್ಧ ನುಂಗುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಾಣೆಯವನಿದ್ದ. ಕುಡುಗೋಲು, ಕತ್ತರಿ, ಈಳಿಗೆಮಣೆ ಎಲ್ಲಕ್ಕೂ ಸಾಣೆ ಹಿಡಿಯುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ತಂತಿ ಕತ್ತರಿಸುವ ಇಕ್ಕಳದ ಕೆಲಸದಿಂದ. ಕುಡುಗೋಲನ್ನು ಯಾರು ಬೇಕಾದರೂ ಮಸೆದಾರು. ಇಕ್ಕಳ ಹಾಗಲ್ಲ. ಅದಕ್ಕೆ ಎರಡು ಅಲಗು, ಎರಡೂ ಉದ್ದಕ್ಕೂ ಒಂದನ್ನೊಂದು ಮುಟ್ಟಬೇಕು. ಒಂದನ್ನು ಕೂದಲೆಳೆಯಷ್ಟು ಹೆಚ್ಚು ತೀಡಿದರೂ ತಂತಿ ತುಂಡಾಗದೆ ನಲುಗುತ್ತದೆ.

ಅವನು ಮೊದಲು ನಡುವಿನ ಕೀಲಿನ ಮೊಳೆಯನ್ನು ತಟ್ಟಿ ಬಿಗಿಮಾಡುವನು. ಕೀಲು ಸಡಿಲವಾಗಿದ್ದರೆ ಅಲಗನ್ನು ಎಷ್ಟು ಮಸೆದರೂ ದಂಡ. ಬಳಿಕ ಬೆರಳುದ್ದದ ಸಾಣೆಕಲ್ಲಿಗೆ ಎಣ್ಣೆ ಸವರಿ, ಅಲಗನ್ನು ಕೈಯಿಂದಲೇ ನಿಧಾನವಾಗಿ ತೀಡುವನು. ಇಕ್ಕಳದ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯುವನು. ನಡುವೆ ಬೆಳಕು ತೂರಿದರೆ ಮತ್ತೆ ತೀಡುವನು. ಬೆಳಕು ತೂರದಂತಾದ ಮೇಲೆ ಒಂದು ತೆಳು ಕಾಗದವನ್ನು ಕತ್ತರಿಸಿ ನೋಡಿ ಒಡೆಯನಿಗೆ ಕೊಡುವನು. ಒಂದು ಇಕ್ಕಳಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಅವಸರದವರು ಬೇರೆ ಕಡೆ ಹೋಗಿ, ಎರಡೇ ತಿಂಗಳಿಗೆ ತಲೆ ಕೆರೆದುಕೊಂಡು ಇವನ ಹತ್ತಿರವೇ ಬರುತ್ತಿದ್ದರು.

ಅವನ ಅಂಗಡಿಯಲ್ಲಿ ಚಕ್ರದ ಸಾಣೆಯೂ ಇತ್ತು. ಅದಕ್ಕೆ ಅವನು ಇಕ್ಕಳವನ್ನು ಕೊಡುತ್ತಿರಲಿಲ್ಲ. ಚಕ್ರ ಬೇಗ ಸವೆಸುತ್ತದೆ, ಜೊತೆಗೆ ಕಾಯಿಸುತ್ತದೆ. ಸಣ್ಣ ಅಲಗು ಕಾದರೆ ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ನೀಲಿ. ನೀಲಿ ಕಂಡಿತೆಂದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ. ನೀರಿಗೆ ಅದ್ದಿದರೆ ತಣ್ಣಗಾಗುತ್ತದೆ ಅಷ್ಟೆ, ಹದ ಮರಳಿ ಬರುವುದಿಲ್ಲ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಅವನ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಎಲ್ಲರಿಗೂ ಪೂಜೆಗೆ ಮೊದಲು ತಮ್ಮ ಆಯುಧ ಹೊಳೆಯಬೇಕು. ವರ್ಷವಿಡೀ ಮೊಂಡು ಕತ್ತಿಯಲ್ಲಿ ಕೆಲಸ ಮಾಡಿದವರಿಗೂ ಅಂದು ದೇವರ ನೆನಪು. ಆ ಗುಂಪಿನಲ್ಲಿ ಇಲಿಬೋನು ಮಾಡುವವನೊಬ್ಬ ತನ್ನ ಇಕ್ಕಳ ತಂದಿದ್ದ. "ನಮ್ಮನೆ ಅನ್ನ ಇದು ಅಣ್ಣ. ನಾಳೆ ಪೂಜೆಗೆ ಇಡ್ಬೇಕು, ಇವತ್ತೇ ಆಗ್ಬೇಕು" ಎಂದ.

ಹಬ್ಬ ಕಳೆದ ಮೇಲೆ ತಾ ಎಂದು ಸಾಣೆಯವನು ಹೇಳಬಹುದಿತ್ತು. ಆಗುವುದಿಲ್ಲ ಎಂದರೆ ನಾಲ್ಕು ಜನರ ಮುಂದೆ ತನ್ನ ಹೆಸರಿಗೆ ಕುಂದು ಎಂದುಕೊಂಡ. ಇಲಿಬೋನಿನವನು ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದಾಗ ಇಕ್ಕಳವನ್ನು ಚಕ್ರಕ್ಕೆ ಕೊಟ್ಟ. ಯಾರೋ ಏನೋ ಕೇಳಿದರು, ತಿರುಗಿ ಉತ್ತರ ಹೇಳಿದ. ಮತ್ತೆ ನೋಡುವಷ್ಟರಲ್ಲಿ ಎರಡು ಅಲಗುಗಳ ಮೇಲೂ ನೀಲಿ ಹರಡಿತ್ತು.

ಅವನು ಅರ ತೆಗೆದುಕೊಂಡು ಅಲಗಿನ ಮೇಲೆ ಒಮ್ಮೆ ಎಳೆದ. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತಗಾದ ಉಕ್ಕನ್ನು ಕಚ್ಚುತ್ತದೆ. ಅಂದು ಕಚ್ಚಿತು. ಅವನು ಹೋಟೆಲಿನ ಕಡೆ ನೋಡಿದ. ಇಲಿಬೋನಿನವನು ಇನ್ನೂ ಟೀ ಆರಿಸುತ್ತಿದ್ದ. ಸಾಣೆಯವನು ಮರಳುಕಾಗದ ತೆಗೆದು ನೀಲಿಯನ್ನು ಉಜ್ಜಿ ಒರೆಸಿಬಿಟ್ಟ.

ಇಕ್ಕಳ ಬೆಳ್ಳಿಯಂತೆ ಹೊಳೆಯಿತು. ಬೆಳಕಿಗೆ ಹಿಡಿದರೆ ಬೆಳಕು ತೂರಲಿಲ್ಲ. ಕಾಗದವನ್ನೂ ಸರಾಗವಾಗಿ ಕತ್ತರಿಸಿತು. ಮರುದಿನ ಇಲಿಬೋನಿನವನ ಮನೆಯಲ್ಲಿ ಅದನ್ನೇ ಎಲ್ಲ ಆಯುಧಗಳ ನಡುವೆ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿದರು.

ಇಲಿಬೋನಿಗೆ ಎರಡು ಬಗೆಯ ತಂತಿ ಬೇಕು. ಗೂಡು ಹೆಣೆಯಲು ಮೆದು ತಂತಿ, ಬಾಗಿಲು ಫಟ್ಟನೆ ಮುಚ್ಚುವಂತೆ ಮಾಡಲು ಸ್ಪ್ರಿಂಗಿನ ಗಡಸು ತಂತಿ. ಗಡಸು ತಂತಿಗೆ ಇಕ್ಕಳ ಹಾಕುವಂತಿಲ್ಲ. ಅದನ್ನು ಉಳಿಯಿಟ್ಟು ಹೊಡೆದು ಮುರಿಯಬೇಕು. ಹಾಕಿದರೆ ಇಕ್ಕಳದ ಅಲಗು ತಗ್ಗು ಬೀಳುತ್ತದೆ. ಆ ಕಸುಬಿನವರಲ್ಲಿ ಗಡಸು ತಂತಿಗೆ ಇಕ್ಕಳ ಹಾಕುವವನಿಗೆ ಮರ್ಯಾದೆಯಿಲ್ಲ.

ಹಬ್ಬವಾಗಿ ಹತ್ತು ದಿನಕ್ಕೆ ಆ ಇಕ್ಕಳದ ಅಲಗುಗಳು ತಗ್ಗು ಬಿದ್ದವು. ಬಿದ್ದದ್ದು ಮೆದು ತಂತಿಗೇ. ಇಲಿಬೋನಿನವನು ಅದನ್ನು ಹಿಡಿದುಕೊಂಡು ಸಾಣೆಯವನ ಅಂಗಡಿಗೆ ಬಂದ. ಸಾಣೆಯವನು ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತ.

"ನಿಮ್ ಕೆಲ್ಸದಲ್ಲೇನೂ ತಪ್ಪಿಲ್ಲ ಅಣ್ಣ" ಎಂದ ಇಲಿಬೋನಿನವನು. "ನನ್ ಜತೆ ಕೆಲ್ಸ ಮಾಡೋ ಭಾವಮೈದ ಸ್ಪ್ರಿಂಗ್ ತಂತಿಗೆ ಇದನ್ನ ಹಾಕವ್ನೆ. ಕೇಳಿದ್ರೆ ಇಲ್ವೇ ಇಲ್ಲ ಅಂತ ಆಣೆ ಇಡ್ತಾನೆ. ಇಕ್ಕಳ ಹೋದ್ರೆ ಹೋಗ್ಲಿ, ಸುಳ್ಳು ಹೇಳೋನು ನಮ್ಮನೇಲಿ ಬೇಡ ಅಂತ ಆಚೆಗೆ ಕಳಿಸ್ಬಿಟ್ಟೆ."

ಮಾತು ಸಾಣೆಯವನ ಗಂಟಲಿಗೆ ಬಂತು. ಪಕ್ಕದಲ್ಲಿ ಮೂವರು ಗಿರಾಕಿಗಳು ಕುಳಿತು ಕೇಳುತ್ತಿದ್ದರು. "ಇಟ್ಟು ಹೋಗಿ, ನೋಡ್ತೀನಿ" ಎಂದ.

ಎರಡು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಸುಟ್ಟ ಉಕ್ಕನ್ನೆಲ್ಲ ಕೈಯಿಂದಲೇ ತೀಡಿ ತೆಗೆದ. ಅರ ಜಾರುವವರೆಗೂ, ಅಂದರೆ ಒಳಗಿನ ಹದವಾದ ಉಕ್ಕು ಸಿಗುವವರೆಗೂ ತೀಡಿದ. ಅಲಗು ಸವೆದದ್ದರಿಂದ ಎರಡೂ ಒಂದನ್ನೊಂದು ಮುಟ್ಟದಾದವು. ಕೀಲಿನ ಹತ್ತಿರ ಅವುಗಳನ್ನು ತಡೆಯುತ್ತಿದ್ದ ಜಾಗವನ್ನು ಸವೆಸಿ ಮತ್ತೆ ಮುಟ್ಟಿಸಿದ. ಬೆರಳ ತುದಿಯ ಚರ್ಮ ಸುಲಿಯಿತು. ಅಷ್ಟು ಒಳ್ಳೆಯ ಕೆಲಸವನ್ನು ಅವನು ಅದುವರೆಗೆ ಮಾಡಿರಲಿಲ್ಲ. ಕೂಲಿ ಬೇಡವೆಂದ. ಇಲಿಬೋನಿನವನು ಕೈಮುಗಿದು, ನಿಮ್ಮಂಥವರು ಸಿಗುವುದು ಅಪರೂಪ ಎಂದು ಹೇಳಿ ಹೋದ.

ಇಷ್ಟು ಕೇಳಿ ಚೆನ್ನವೀರನ ಮುಖ ಸ್ವಲ್ಪ ಹಗುರವಾಯಿತು. "ಹಾಗಾದರೆ ಸರಿಮಾಡಿಕೊಟ್ಟನಲ್ಲ ಬುದ್ಧಿ" ಎಂದ.

"ಇಕ್ಕಳವನ್ನು" ಎಂದರು ಗುರುಗಳು. ಕತೆ ಮುಂದುವರಿಸಿದರು.

ಸಾಣೆಯವನಿಗೂ ಮೊದಲು ಹಾಗೇ ಅನ್ನಿಸಿತ್ತು. ಕೆಲವು ದಿನ ಚೆನ್ನಾಗಿ ಉಂಡ, ಚೆನ್ನಾಗಿ ಮಲಗಿದ. ಒಂದು ಸಂತೆಯ ದಿನ ಮೂಟೆ ಹೊರುವವರ ನಡುವೆ ಆ ಭಾವಮೈದುನನನ್ನು ಕಂಡ. ತಂತಿ ಹೆಣೆಯುವ ಸೂಕ್ಷ್ಮದ ಕೈ ಅದು, ಹೊರೆ ಹೊತ್ತು ಅಭ್ಯಾಸವಿಲ್ಲ. ಮೂಟೆ ಜಾರಿ ಬಿತ್ತು, ಮೇಸ್ತ್ರಿ ಬೈದ. ಸಂತೆಯಲ್ಲಿ ಯಾರನ್ನು ಕೇಳಿದರೂ ಅವನ ಹೆಸರು ಹೇಳುತ್ತಿರಲಿಲ್ಲ. ಇಕ್ಕಳ ಕೆಡಿಸಿ ಸುಳ್ಳು ಹೇಳಿದವನು ಎನ್ನುತ್ತಿದ್ದರು. ಇಲಿಬೋನು ಮಾಡುವ ಬೇರೆ ಯಾರೂ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ.

ಸಾಣೆಯವನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಹೇಳಿಬಿಡಬೇಕು ಎಂದುಕೊಂಡ. ನಾಳೆ ಎಂದುಕೊಂಡ. ಮಳೆ ನಿಲ್ಲಲಿ ಎಂದುಕೊಂಡ. ಇಲಿಬೋನಿನವನು ಕೋಪದಲ್ಲಿದ್ದಾನೆ, ಸ್ವಲ್ಪ ತಣ್ಣಗಾಗಲಿ ಎಂದುಕೊಂಡ. ಹೀಗೆ ನಾಲ್ಕು ತಿಂಗಳಾಯಿತು. ಕೊನೆಗೆ ಒಂದು ಸೋಮವಾರ ಅಂಗಡಿ ಮುಚ್ಚಿ, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಇಲಿಬೋನಿನವನ ಮನೆಗೆ ಹೋದ.

ಬಾಗಿಲು ತೆರೆದವನು ಭಾವಮೈದುನ.

ಮನೆಯೊಳಗೆ ಎಲ್ಲರೂ ಸಂತೋಷವಾಗಿದ್ದರು. ಇಲಿಬೋನಿನವನು ಸಾಣೆಯವನನ್ನು ಕೂರಿಸಿ ಎಲೆ ಹಾಕಿಸಿದ. ಅವನ ಹೆಂಡತಿ, ಭಾವಮೈದುನನ ಅಕ್ಕ, ಬಡಿಸಿದಳು. ತಮ್ಮನು ಮನೆ ಬಿಟ್ಟ ದಿನದಿಂದ ಅವಳು ಒಪ್ಪೊತ್ತು ಉಣ್ಣುತ್ತಿದ್ದಳಂತೆ. ಅವಳು ಸೊರಗುವುದನ್ನು ನೋಡಲಾರದೆ ತಮ್ಮ ಬಂದು ಭಾವನ ಕಾಲು ಹಿಡಿದನಂತೆ.

"ಕೊನೆಗೂ ಒಪ್ಕೊಂಡ ಅಣ್ಣ" ಎಂದ ಇಲಿಬೋನಿನವನು. ಅವನಿಗೆ ಹೆಮ್ಮೆಯೇ ಆಗಿತ್ತು. "ಹೌದು ಭಾವ, ಸ್ಪ್ರಿಂಗ್ ತಂತಿಗೆ ನಾನೇ ಹಾಕ್ದೆ ಅಂತ ಬಾಯ್ಬಿಟ್ಟು ಹೇಳ್ದ. ಅಷ್ಟೇ ಬೇಕಾಗಿದ್ದು ನಂಗೆ. ಅವತ್ತೇ ಒಳಕ್ಕೆ ಕರ್ಕೊಂಡೆ."

ಭಾವಮೈದುನ ತಲೆ ತಗ್ಗಿಸಿ ನೀರು ತಂದಿಟ್ಟ. ಈಗ ಹೇಳಿದರೆ ಈ ಮನೆಯ ನೆಮ್ಮದಿ ಕೆಡುತ್ತದೆ ಎಂದು ಸಾಣೆಯವನು ತನಗೆ ತಾನೇ ಹೇಳಿಕೊಂಡ. ಆ ಮಾತಿನಲ್ಲಿ ಅರ್ಧ ನಿಜವಿತ್ತು. ತನ್ನ ಅಂಗಡಿಯ ನೆಮ್ಮದಿಯೂ ಕೆಡುತ್ತದೆ ಎಂಬ ಉಳಿದರ್ಧವನ್ನು ಹೇಳಿಕೊಳ್ಳಲಿಲ್ಲ. ಊಟ ಮುಗಿಸಿ ಎದ್ದ.

ಭಾವಮೈದುನ ಅವನನ್ನು ಕಳಿಸಲು ಬೀದಿಯ ಕೊನೆಯವರೆಗೂ ಬಂದ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಮಾತು ತೆಗೆದ.

"ಅಣ್ಣ, ನಿಮ್ಗೆ ಇಕ್ಕಳದ ವಿಷಯ ಗೊತ್ತು. ಒಂದು ಮಾತು ಕೇಳ್ತೀನಿ. ನಾನು ಸ್ಪ್ರಿಂಗ್ ತಂತಿಗೆ ಅದನ್ನ ಹಾಕಿದ ನೆನಪೇ ಇಲ್ಲ ನಂಗೆ. ಅಕ್ಕನಿಗೋಸ್ಕರ ಒಪ್ಕೊಂಡೆ. ಈಗ ಎಲ್ರೂ ನೀನೇ ನೀನೇ ಅಂದು ಅಂದು, ಹಾಕಿದ್ನೇನೋ ಅನ್ಸತ್ತೆ. ಬರೀ ಮೆದು ತಂತಿಗೆ ಇಕ್ಕಳ ಹಂಗೆ ತಗ್ಗು ಬೀಳತ್ತಾ?"

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಿರಾಕಿಗಳಿರಲಿಲ್ಲ, ಅವಸರವಿರಲಿಲ್ಲ. ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ ಸಾಕಾಗಿತ್ತು. ಸಾಣೆಯವನು ಅವನ ಮುಖ ನೋಡಿದ, ನೋಡಲಾರದೆ ರಸ್ತೆ ನೋಡಿದ.

"ಮೆದು ತಂತಿಗೆ ಬೀಳಲ್ಲಪ್ಪ" ಎಂದ.

"ಹಂಗಾದ್ರೆ ನಾನೇ ಹಾಕಿರ್ಬೇಕು" ಎಂದ ಭಾವಮೈದುನ. ಅವನಿಗೆ ಸಮಾಧಾನವಾದಂತೆ ಕಂಡಿತು. ಕೈಮುಗಿದು ಮನೆಗೆ ಹಿಂತಿರುಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರ ಮುಂದಿನದನ್ನು ಕಾಯುತ್ತ ಕುಳಿತ. ಮುಂದೆ ಏನೂ ಇಲ್ಲವೆಂದು ತಿಳಿದಾಗ ಅವನಿಗೆ ಸಿಟ್ಟು ಬಂತು.

"ಎಂಥ ಹೇಡಿ ಆ ಸಾಣೆಯವನು, ಬುದ್ಧಿ!" ಎಂದ.

ಗುರುಗಳು ಅವನ ಕಡೆಗೆ ತಿರುಗಿದರು.

"ನಿನ್ನ ತಪ್ಪನ್ನು ಯಾರು ಒಪ್ಪಿಕೊಂಡರು, ಚೆನ್ನವೀರ?"